ಎರಡು ಲೈಸೆನ್ಸ್, ಒಬ್ಬನೇ ಒಡೆಯ

ಬೆಳೆಸಾಲ ಕೇಳಲು ಹೋದ ರಾಮಥಾಳದ ರೈತನನ್ನು ಬ್ಯಾಂಕಿನವರು ಮೊದಲು ಕೇಳುವುದು ಉತಾರ, ಅಂದರೆ ಜಮೀನಿನ ಪಹಣಿ. ‘ಭೂಮಿ’ ಯೋಜನೆ ಬಂದ ಮೇಲೆ ಆ ಉತಾರ ತಲಾಠಿಯ ಕೈಬರಹದ ಪುಸ್ತಕ ಬಿಟ್ಟು ಕಂಪ್ಯೂಟರ್ ಸೇರಿತು. ಇದೇ ಊರಿನ ಹೆಸರು ಹೊತ್ತ ಹನಿ ನೀರಾವರಿ ಯೋಜನೆ ಹುನಗುಂದ ಭಾಗದ 24,000 ಹೆಕ್ಟೇರ್ ಜಮೀನನ್ನು ಗುರಿಯಾಗಿಟ್ಟುಕೊಂಡದ್ದು. ನೀರು ಬಿಡುವ ಕವಾಟಗಳನ್ನು ಕಂಪ್ಯೂಟರಿನಿಂದಲೇ ನಿಯಂತ್ರಿಸುವ ಹಾಗೆ ಅದನ್ನು ರೂಪಿಸಿದರು. ಹೊಲದ ಲೆಕ್ಕವೂ ನೀರಿನ ಲೆಕ್ಕವೂ ಹೀಗೆ ಕಂಪ್ಯೂಟರ್ ಸೇರುವ ಕಾಲದಲ್ಲಿ, ಅವನ್ನು ಕಾಯುವ ಡೇಟಾಬೇಸ್ ಯಾವ ಷರತ್ತಿನ ಮೇಲೆ ನಮ್ಮ ಕೈಗೆ ಬಂದಿದೆ ಎಂದು ಕೇಳುವುದು ಊರಿನವರಿಗೂ ಸಂಬಂಧಿಸಿದ ಮಾತು.

ಸಾಫ್ಟ್‌ವೇರ್ ಜೊತೆಗೆ ಬರುವ ಲೈಸೆನ್ಸ್ ಪತ್ರವನ್ನು ಹೆಚ್ಚಿನವರು ಓದದೆ ‘ಒಪ್ಪಿದೆ’ ಒತ್ತುತ್ತಾರೆ. ನನಗೆ ಮಾತ್ರ ಅದನ್ನು ಓದುವುದರಲ್ಲೇ ರುಚಿ. ಡೇಟಾಬೇಸ್‌ಗಳ ಲೈಸೆನ್ಸ್‌ಗಳಲ್ಲಂತೂ ಮನುಷ್ಯರ ಔದಾರ್ಯ, ವ್ಯಾಪಾರ, ಆತಂಕ ಮೂರೂ ಸಾಲುಸಾಲಾಗಿ ಸಿಗುತ್ತವೆ. ಅವುಗಳಲ್ಲಿ ತುಂಬ ಕುತೂಹಲದ್ದು ಜೋಡಿ ಲೈಸೆನ್ಸ್: ಒಂದೇ ಸಾಫ್ಟ್‌ವೇರು, ಒಂದು ಕೈಯಲ್ಲಿ ಪುಕ್ಕಟೆ, ಇನ್ನೊಂದು ಕೈಯಲ್ಲಿ ದುಡ್ಡಿಗೆ.

ಈ ಪದ್ಧತಿಯನ್ನು ಜಗತ್ತಿನಾದ್ಯಂತ ಪರಿಚಯ ಮಾಡಿಸಿದ್ದು ಮೈಎಸ್‌ಕ್ಯೂಎಲ್. ಮೈಕೆಲ್ ವಿಡೇನಿಯಸ್ ಮತ್ತು ಗೆಳೆಯರು 1995ರಲ್ಲಿ ಸ್ವೀಡನ್ನಿನಲ್ಲಿ ಶುರು ಮಾಡಿದ ಈ ಡೇಟಾಬೇಸ್ 2000ದಲ್ಲಿ ಜಿಪಿಎಲ್ ಲೈಸೆನ್ಸಿಗೆ ಬಂತು. ಆ ಲೈಸೆನ್ಸಿನ ತಿರುಳು ಇಷ್ಟು: ಬಳಸಿ, ತಿದ್ದಿ, ಹಂಚಿ, ಆದರೆ ಇದನ್ನು ಬೆಸೆದು ಮಾಡಿದ್ದನ್ನು ಹಂಚುವುದಾದರೆ ನಿಮ್ಮ ಸೋರ್ಸ್ ಕೋಡನ್ನೂ ಇದೇ ಷರತ್ತಿನಲ್ಲಿ ತೆರೆದಿಡಿ. ಕೋಡ್ ತೆರೆದಿಡಲು ಮನಸ್ಸಿಲ್ಲದವರು ಕಂಪನಿಗೆ ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು.

ಇಳಕಲ್ಲಿನ ಹುಡುಗನೊಬ್ಬ ಸೀರೆ ಅಂಗಡಿಗಳಿಗೆ ದಾಸ್ತಾನಿನ ಲೆಕ್ಕ ಇಡುವ ಪ್ರೋಗ್ರಾಂ ಬರೆದ ಎಂದುಕೊಳ್ಳಿ. ಮೈಎಸ್‌ಕ್ಯೂಎಲ್ ಕೋಡನ್ನು ತನ್ನ ಪ್ರೋಗ್ರಾಮಿನೊಳಗೆ ಬೆಸೆದು, ಅಂಗಡಿ ಅಂಗಡಿಗೆ ಮಾರಿ, ತನ್ನ ಕೋಡನ್ನು ಮಾತ್ರ ಮುಚ್ಚಿಡುತ್ತೇನೆಂದರೆ ಅವನು ವಾಣಿಜ್ಯ ಲೈಸೆನ್ಸ್ ಕೊಳ್ಳಲೇಬೇಕು. ಅದೇ ಪ್ರೋಗ್ರಾಮನ್ನು ತನ್ನ ಸರ್ವರಿನಲ್ಲೇ ಇಟ್ಟು, ಅಂಗಡಿಯವರು ಮೊಬೈಲಿನಿಂದ ನೋಡುವಂತೆ ಮಾಡಿದರೆ ಏನನ್ನೂ ಹಂಚಿದಂತಾಗಲಿಲ್ಲ; ಜಿಪಿಎಲ್ ಅವನನ್ನು ಏನೂ ಕೇಳುವುದಿಲ್ಲ. ಮುಂದೆ ಬಂದ ಎಜಿಪಿಎಲ್ ಈ ಕಿಂಡಿಯನ್ನು ಮುಚ್ಚಿತು. ತಿದ್ದಿದ ಸಾಫ್ಟ್‌ವೇರನ್ನು ನೆಟ್‌ವರ್ಕ್ ಮೂಲಕ ಜನರಿಗೆ ಒದಗಿಸಿದರೂ ಕೋಡ್ ಕೊಡಬೇಕು ಎನ್ನುತ್ತದೆ ಅದು.

ಇದು ನ್ಯಾಯವಾದ ಒಪ್ಪಂದ ಎಂದೇ ನನ್ನ ನಂಬಿಕೆ. ಹಂಚಿಕೊಳ್ಳುವವನಿಗೆ ಪುಕ್ಕಟೆ, ಮುಚ್ಚಿಡುವವನಿಗೆ ಬೆಲೆ. ಆ ಬೆಲೆಯಿಂದಲೇ ಎಂಜಿನಿಯರುಗಳ ಸಂಬಳ ಸಾಗುತ್ತದೆ. ಪುಕ್ಕಟೆ ಸಾಫ್ಟ್‌ವೇರಿಗೆ ಯಾರೂ ದುಡಿಯುವುದಿಲ್ಲ ಎಂಬ ಮಾತನ್ನು ಮೈಎಸ್‌ಕ್ಯೂಎಲ್ ಸುಳ್ಳು ಮಾಡಿತು.

ಆದರೆ ಒಂದೇ ಕೋಡನ್ನು ಎರಡು ಷರತ್ತಿನಲ್ಲಿ ಕೊಡಬೇಕಾದರೆ ಅದರ ಕೃತಿಸ್ವಾಮ್ಯ ಪೂರ್ತಿ ಒಬ್ಬರ ಬಳಿಯೇ ಇರಬೇಕು. ಹೊರಗಿನವರು ಕೊಟ್ಟ ಕೋಡಿನ ಹಕ್ಕನ್ನೂ ಬರೆಸಿಕೊಂಡಿರಬೇಕು. ಒಡೆಯ ಮನಸ್ಸು ಬದಲಿಸಿದರೆ ಏನಾಗುತ್ತದೆ ಎಂಬುದು 4.0 ಆವೃತ್ತಿಯ ಹೊತ್ತಿಗೇ ಗೊತ್ತಾಯಿತು. ಬೇರೆ ಪ್ರೋಗ್ರಾಮುಗಳು ಡೇಟಾಬೇಸಿನೊಂದಿಗೆ ಮಾತಾಡಲು ಬಳಸುವ ಪುಟ್ಟ ಲೈಬ್ರರಿ ಅಲ್ಲಿಯವರೆಗೆ ಸಡಿಲವಾದ ಎಲ್‌ಜಿಪಿಎಲ್‌ನಲ್ಲಿತ್ತು. ಕಂಪನಿ ಅದನ್ನು ಜಿಪಿಎಲ್‌ಗೆ ತಂದಿತು. ಜಾಲತಾಣ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯ ಲೈಸೆನ್ಸಿಗೂ ಜಿಪಿಎಲ್‌ಗೂ ಹೊಂದಿಕೆಯಿರಲಿಲ್ಲ. ಹೀಗಾಗಿ ಪಿಎಚ್‌ಪಿಯ ಹೊಸ ಆವೃತ್ತಿ ಆ ಲೈಬ್ರರಿಯನ್ನು ಜೊತೆಗೆ ಕೊಡುವುದನ್ನೇ ಬಿಟ್ಟಿತು. 2004ರಲ್ಲಿ ಕಂಪನಿ ಓಪನ್ ಸೋರ್ಸ್ ಯೋಜನೆಗಳಿಗೆ ವಿನಾಯಿತಿ ಬರೆದುಕೊಟ್ಟ ಮೇಲೆ ಈ ಗೊಂದಲ ತಿಳಿಯಾಯಿತು. ಲಕ್ಷಾಂತರ ಜಾಲತಾಣಗಳ ಅಡಿಪಾಯ ಲೈಸೆನ್ಸಿನ ಒಂದು ಬದಲಾವಣೆಯಿಂದ ಅಲುಗಾಡಿತ್ತು.

2008ರಲ್ಲಿ ಸನ್ ಕಂಪನಿ ಮೈಎಸ್‌ಕ್ಯೂಎಲ್ ಅನ್ನು ಸುಮಾರು 100 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ನನ್ನೇ ಒರೇಕಲ್ ಕೊಂಡಿತು. ದುಬಾರಿ ಡೇಟಾಬೇಸ್ ಮಾರುವ ಕಂಪನಿಯೇ ಪುಕ್ಕಟೆ ಡೇಟಾಬೇಸಿನ ಒಡೆಯನಾಯಿತು. ಯುರೋಪಿಯನ್ ಕಮಿಷನ್ ಈ ಖರೀದಿಯ ತನಿಖೆ ನಡೆಸುತ್ತಿದ್ದಾಗ ಒರೇಕಲ್ ಮೈಎಸ್‌ಕ್ಯೂಎಲ್ ಬಗ್ಗೆ ಐದು ವರ್ಷಗಳ ಅವಧಿಗೆ ಹತ್ತು ವಾಗ್ದಾನ ಕೊಟ್ಟಿತ್ತು. ವಿಡೇನಿಯಸ್ ಈ ವಾಗ್ದಾನಗಳಿಗಾಗಿ ಕಾದು ಕೂತಿರಲಿಲ್ಲ. ಜಿಪಿಎಲ್ ಕೊಟ್ಟ ಹಕ್ಕಿನಿಂದಲೇ 2009ರಲ್ಲಿ ಅದೇ ಕೋಡಿನಿಂದ ಮರಿಯಾಡಿಬಿ ಎಂಬ ಕವಲು ತೆಗೆದರು. ವಿಕಿಪೀಡಿಯ 2013ರಲ್ಲಿ ಈ ಕವಲಿಗೆ ಬಂತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳೂ ಅದರೊಂದಿಗೆ ಬಂದವು. ಮೈಎಸ್‌ಕ್ಯೂಎಲ್ ಹುಟ್ಟುಹಾಕಿದವರೇ ಕವಲು ತೆಗೆದರೂ ಹಳೆಯ ಕೋಡನ್ನು ವಾಣಿಜ್ಯ ಲೈಸೆನ್ಸಿನಲ್ಲಿ ಮಾರುವ ಹಕ್ಕು ಅವರಿಗೆ ಉಳಿದಿರಲಿಲ್ಲ, ಹಳೆಯ ಹೆಸರೂ ಉಳಿದಿರಲಿಲ್ಲ. ಬಳಕೆದಾರರನ್ನು ಕಾಪಾಡಿದ್ದು ಪುಕ್ಕಟೆ ಕಡೆಯ ಲೈಸೆನ್ಸು.

2024ರ ಮಾರ್ಚಿನಲ್ಲಿ ರೆಡಿಸ್ ಎಂಬ ಡೇಟಾಬೇಸಿನ ಕಂಪನಿ ತನ್ನ ಉದಾರ ಬಿಎಸ್‌ಡಿ ಲೈಸೆನ್ಸನ್ನು ಬಿಟ್ಟು ಬಿಗಿಯಾದ ಷರತ್ತು ಹಾಕಿದಾಗಲೂ ಇದೇ ಕತೆ. ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕೀ ಎಂಬ ಕವಲು ಹುಟ್ಟಿತು. 2025ರಲ್ಲಿ ರೆಡಿಸ್ ಎಜಿಪಿಎಲ್ ಅನ್ನೂ ಸೇರಿಸಿ ಮತ್ತೆ ಓಪನ್ ಸೋರ್ಸ್ ಕಡೆಗೆ ಬಂತು.

ಇವಕ್ಕೆಲ್ಲ ಎದುರು ನಿಲ್ಲುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅದು ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಆ ಹೆಸರು ಈ ಸೀಮೆಯ ನೇಕಾರರೆಲ್ಲರದು, ಯಾವ ಒಬ್ಬ ಸಾಹುಕಾರನೂ ಅದನ್ನು ಮಾರಿಕೊಳ್ಳಲಾರ. ಪೋಸ್ಟ್‌ಗ್ರೆಸ್ಸಿನ ಬಲವೂ ಅಂಥದ್ದೇ.

ಸಾಫ್ಟ್‌ವೇರಿನ ಹಾಗೆ ಮಾಹಿತಿಗೂ ಲೈಸೆನ್ಸ್ ಇರುತ್ತದೆ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದು ಮುಕ್ತ ಡೇಟಾಬೇಸ್ ಲೈಸೆನ್ಸಿನಲ್ಲಿ ಜನರ ಕೈ ಸೇರಿತು. ಯಾರು ಬೇಕಾದರೂ ಬಳಸಬಹುದು. ಅದರಿಂದ ಹೊಸ ಪದಕೋಶ ಕಟ್ಟಿ ಜನರ ಮುಂದಿಟ್ಟರೆ ಅದನ್ನೂ ಹಾಗೆಯೇ ಬಿಟ್ಟುಕೊಡಬೇಕು. ಒಬ್ಬರ ಜೀವಮಾನದ ದುಡಿಮೆ ಮತ್ತೊಬ್ಬರ ಬೀಗದೊಳಗೆ ಸೇರದಂತೆ ಈ ಷರತ್ತು ಕಾಯುತ್ತದೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಕೊಡುಗೆ ಈಚಿನ ವರ್ಷಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾಗಿ ಡೇಟಾಬೇಸ್ ಆರಿಸುವವರು ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಕೋಡಿನ ಕೃತಿಸ್ವಾಮ್ಯ ಒಬ್ಬರದೋ, ಹಲವರದೋ? ಹೆಸರಿನ ಹಕ್ಕು ಯಾರದು? ನಾಳೆ ಷರತ್ತು ಬದಲಾದರೆ ಇವತ್ತಿನ ಕೋಡು ಹಿಡಿದು ಬೇರೆ ದಾರಿ ಹಿಡಿಯಲು ನಮಗೆ ಹಕ್ಕಿದೆಯೇ? ಅಂಗಡಿಯ ಲೆಕ್ಕಕ್ಕೆ ಜೋಡಿ ಲೈಸೆನ್ಸಿನ ಡೇಟಾಬೇಸ್ ಸಾಕು, ದುಡ್ಡು ಕೊಟ್ಟು ಕೊಂಡರೂ ತಪ್ಪಿಲ್ಲ. ಊರಿನ ಉತಾರ, ಕಾಲುವೆಯ ಪಾಳಿ, ಭಾಷೆಯ ನಿಘಂಟು ಇಂಥವಕ್ಕೆ ಒಬ್ಬ ಒಡೆಯನ ಮರ್ಜಿ ಸಾಲದು. ಸರ್ಕಾರಿ ಕಚೇರಿಗಳು ಓಪನ್ ಸೋರ್ಸಿಗೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. ಇನ್ನು ಮುಂದೆ ಟೆಂಡರ್ ಬರೆಯುವವರು ಈ ಮೂರು ಪ್ರಶ್ನೆಗಳಿಗೂ ಟೆಂಡರಿನಲ್ಲೇ ಲಿಖಿತ ಉತ್ತರ ಕೇಳಲಿ.