ಸಿ ಡ್ರೈವಿನ ಹೊರಗೆ

ಕಂಪ್ಯೂಟರ್ ರಿಪೇರಿಯ ಅಂಗಡಿಗೆ ತಮ್ಮ ಯಂತ್ರವನ್ನು ಒಯ್ದವರು ಅಲ್ಲಿಯ ಹುಡುಗನ ಬಾಯಿಂದ ಕೇಳಿಯೇ ಕೇಳುವ ಮಾತೊಂದಿದೆ: “ಫಾರ್ಮ್ಯಾಟ್ ಹೊಡೀಬೇಕು ಸಾರ್, ಸಿ ಡ್ರೈವಲ್ಲಿ ಏನಾದ್ರೂ ಇಟ್ಟಿದ್ದೀರಾ?” ಈ ಪ್ರಶ್ನೆಗೆ ಕ್ಷಣಮಾತ್ರವೂ ತಡವರಿಸದೆ “ಏನೂ ಇಲ್ಲ” ಎಂದು ಉತ್ತರಿಸಬಲ್ಲವನ ನೆಮ್ಮದಿಯನ್ನು ನಾನು ಅಲ್ಪವಾದುದೆಂದು ಎಣಿಸಲಾರೆ, ಏಕೆಂದರೆ ಯಾವುದು ನಷ್ಟವಾದರೂ ಪುನಃ ತಂದು ಸ್ಥಾಪಿಸಬಹುದೋ ಅದನ್ನೂ, ಯಾವುದು ಒಮ್ಮೆ ಹೋದರೆ ಯಾವ ಬೆಲೆಗೂ ದೊರೆಯದೋ ಅದನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡ ವಿವೇಚನೆ ಆ ಉತ್ತರದ ಹಿಂದೆ ಇದೆ. ಕಾರ್ಯಾಚರಣ ವ್ಯವಸ್ಥೆ ಎಷ್ಟೇ ಜಟಿಲವಾಗಿರಲಿ, ಅದರ ಪ್ರತಿ ಜಗತ್ತಿನ ಅಸಂಖ್ಯ ಯಂತ್ರಗಳಲ್ಲಿದೆ. ತಂದೆಯವರ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಟ್ಟ ಚಿತ್ರಗಳಾದರೋ ನಮ್ಮ ಡಿಸ್ಕಿನಲ್ಲಿ ಮಾತ್ರ ಇವೆ. ಇಂಥ ಎರಡನ್ನು ಒಂದೇ ಡಿಸ್ಕಿನ ಅದೃಷ್ಟಕ್ಕೆ ಕಟ್ಟಿಹಾಕುವುದು ಉಚಿತವಲ್ಲ.

ಈ ವಿವೇಚನೆ ಹೊಸದೇನೂ ಅಲ್ಲ. 1970ರ ದಶಕದ ಆದಿಭಾಗದಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಪಿಡಿಪಿ-11 ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಬೆಳೆಸುತ್ತಿದ್ದಾಗ, ಬಳಕೆದಾರರ ಸ್ವಂತ ಕಡತಗಳು ‘ಯುಎಸ್‌ಆರ್’ ಎಂಬ ಹೆಸರಿನಲ್ಲಿ, ವ್ಯವಸ್ಥೆಯ ಡಿಸ್ಕಿಗಿಂತ ಭಿನ್ನವಾದ ಡಿಸ್ಕಿನ ಮೇಲೆ ವಾಸವಾಗಿದ್ದವು. ಆದರೆ ವ್ಯವಸ್ಥೆಯು ಬೆಳೆಬೆಳೆದು, ತನ್ನ ಡಿಸ್ಕಿನಲ್ಲಿ ಹಿಡಿಯದೆ, ಬಳಕೆದಾರರ ಡಿಸ್ಕಿನೊಳಕ್ಕೂ ಹಬ್ಬಿತು. ಕಾಲಕ್ರಮದಲ್ಲಿ ಬಳಕೆದಾರರೇ ಅಲ್ಲಿಂದ ತೆರಳಬೇಕಾಯಿತು. ಇಂದಿನ ಲಿನಕ್ಸ್‌ನಲ್ಲಿ ಯುಎಸ್‌ಆರ್ ಎಂಬಲ್ಲಿ ಬರಿಯ ಪ್ರೋಗ್ರಾಮುಗಳಿದ್ದು ನಮ್ಮ ಕಡತಗಳೆಲ್ಲ ‘ಹೋಮ್’ ಎಂಬಲ್ಲಿ ನೆಲೆಸಿರುವುದಕ್ಕೆ ಆ ವಲಸೆಯೇ ಕಾರಣ. ಈ ಹೋಮ್ ಅನ್ನು ಪ್ರತ್ಯೇಕ ಡಿಸ್ಕಿನಲ್ಲಿಟ್ಟವನು ವ್ಯವಸ್ಥೆಯನ್ನು ಎಷ್ಟು ಸಲ ಬದಲಿಸಿದರೂ ತನ್ನ ಕಡತಗಳನ್ನು ಯಥಾಸ್ಥಿತಿಯಲ್ಲಿ ಕಾಣುತ್ತಾನೆ.

ನಮ್ಮ ಅಂಗಡಿಗಳಲ್ಲಿ ಒಂದೇ ಡಿಸ್ಕನ್ನು ಪಾರ್ಟಿಶನ್ ಮಾಡಿ ಸಿ, ಡಿ ಎಂದು ವಿಭಾಗಿಸಿಕೊಡುವ ರೂಢಿ ಬಹುಕಾಲದ್ದು. ಫಾರ್ಮ್ಯಾಟ್ ಎಂಬ ಆಪತ್ತಿನ ಮಟ್ಟಿಗೆ ಅಷ್ಟು ಸಾಕು. ಡಿಸ್ಕೇ ಕೆಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆದಕಾರಣ ಎಡೆಯಿರುವ ಯಂತ್ರದಲ್ಲಿ ವ್ಯವಸ್ಥೆಗೊಂದು ಎಸ್‌ಎಸ್‌ಡಿ, ಕಡತಗಳಿಗೊಂದು ತಿರುಗುವ ಹಾರ್ಡ್ ಡಿಸ್ಕ್ ಎಂಬ ಏರ್ಪಾಡೇ ಉತ್ತಮವೆಂಬುದು ನನ್ನ ಮತ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗವು ಓದುವ ಹೆಡ್ಡಿನ ಕೆಳಕ್ಕೆ ಬರಲು ಸರಾಸರಿ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಸಾವಿರಾರು ಸಣ್ಣ ಕಡತಗಳನ್ನು ಎಡೆಬಿಡದೆ ತಡಕುವ ವ್ಯವಸ್ಥೆಗೆ ಆ ವಿಳಂಬ ದುಸ್ಸಹ, ಒಂದು ಛಾಯಾಚಿತ್ರವನ್ನು ತೆರೆದು ನೋಡುವವನಿಗೆ ಅದು ಅರಿವಿಗೂ ಬಾರದು. ಇದಕ್ಕಿಂತ ಸೂಕ್ಷ್ಮವಾದ ಲಾಭ ಇನ್ನೊಂದಿದೆ. ವ್ಯವಸ್ಥೆಯ ಡಿಸ್ಕು ಎಂದೂ ಸುಮ್ಮನಿರದು. ಅಪ್‌ಡೇಟುಗಳು, ಲಾಗುಗಳು, ತಾತ್ಕಾಲಿಕ ಕಡತಗಳು ಅದರ ಮೇಲೆ ಸತತವಾಗಿ ಬರೆಯಲ್ಪಡುತ್ತಿರುತ್ತವೆ. ಅಲ್ಲಿ ಕೈತಪ್ಪಿ ಅಳಿಸಿದ ಕಡತದ ಸ್ಥಳವನ್ನು ಮತ್ತೊಂದು ಆಕ್ರಮಿಸಿಕೊಳ್ಳಲು ಹೆಚ್ಚು ಹೊತ್ತು ಬೇಡ. ನಾವಾಗಿ ಬರೆದ ಹೊರತು ಬರವಣಿಗೆಯೇ ನಡೆಯದ ಹಾರ್ಡ್ ಡಿಸ್ಕಿನಲ್ಲಿ ಅಂಥ ಕಡತವನ್ನು ಮರಳಿ ಪಡೆಯುವ ಆಸೆ ಉಳಿದಿರುತ್ತದೆ.

ವಿಂಡೋಸ್‌ನಲ್ಲಿ ಈ ಬೇರ್ಪಡಿಕೆಯನ್ನು ಮಾಡುವ ಕ್ರಮ ಸುಲಭವಾದರೂ ಅಜಾಗರೂಕತೆಗೆ ಎಡೆಗೊಡುವಂಥದಲ್ಲ. ಡೆಸ್ಕ್‌ಟಾಪ್ ಸಹ ಸಿ ಡ್ರೈವಿನೊಳಗಣ ಒಂದು ಫೋಲ್ಡರೇ ಎಂಬುದು ಎಷ್ಟೋ ಜನರಿಗೆ ತಿಳಿಯದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇವುಗಳನ್ನು ಒಂದೊಂದಾಗಿ, ಪ್ರಾಪರ್ಟೀಸ್‌ನ ಲೊಕೇಶನ್ ಪುಟದಿಂದ, ಡಿ ಡ್ರೈವಿಗೆ ವರ್ಗಾಯಿಸಬೇಕು. ಹಳೆಯ ಸ್ಥಾನದ ಕಡತಗಳನ್ನೂ ಒಯ್ಯಲೇ ಎಂದು ವ್ಯವಸ್ಥೆ ಕೇಳಿದಾಗ ಒಪ್ಪಬೇಕು, ಒಪ್ಪಿದ ಮೇಲೆ ಹಳೆಯ ಫೋಲ್ಡರು ನಿಜವಾಗಿ ಬರಿದಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಈ ಕಡೆಯ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. 2018ರ ಅಕ್ಟೋಬರ್ ತಿಂಗಳಲ್ಲಿ ಹೊರಬಂದ ವಿಂಡೋಸ್ 10ರ 1809 ಎಂಬ ಆವೃತ್ತಿಯು, ಫೋಲ್ಡರುಗಳನ್ನು ಹೀಗೆ ಬೇರೆಡೆಗೆ ತಿರುಗಿಸಿಕೊಂಡವರ ಯಂತ್ರದಲ್ಲಿ ಹಳೆಯ ಸ್ಥಾನದ ಫೋಲ್ಡರು ನಿರುಪಯುಕ್ತವೆಂದು ಬಗೆದು, ಅದರಲ್ಲಿ ಕಡತಗಳು ಉಳಿದಿದ್ದರೂ ಸಹ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ನವೆಂಬರಿನಲ್ಲಿ ಮತ್ತೆ ಹೊರತಂದಿತು. ಹೊಸ ಸ್ಥಾನಕ್ಕೆ ಪೂರ್ಣವಾಗಿ ಹೋದ ಕಡತಗಳು ಸುರಕ್ಷಿತವಾಗಿದ್ದವು. ಅರ್ಧ ಅಲ್ಲಿ ಅರ್ಧ ಇಲ್ಲಿ ಎಂಬಂತೆ ಇಟ್ಟವರಿಗೇ ಹಾನಿ ತಟ್ಟಿದ್ದು.

ಕನ್ನಡದಲ್ಲಿ ಬರೆಯುವವರಿಗೆ ಇದರ ಜೊತೆಗೆ ಇನ್ನೊಂದು ವಿಶೇಷವಾದ ಅಪಾಯವಿದೆ, ಅದನ್ನು ಅನ್ಯಭಾಷೆಗಳ ಕೈಪಿಡಿಗಳು ಹೇಳವು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮೊದಲಾದ ತಂತ್ರಾಂಶಗಳಲ್ಲಿ ನಾವು ಟೈಪಿಸಿದ ಕತೆ, ಲೇಖನ, ಕುಟುಂಬದ ವಂಶಾವಳಿಗಳಲ್ಲಿ ಡಿಸ್ಕಿನ ಮೇಲೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪವನ್ನು ಕೊಡುತ್ತಿದ್ದುದು ಫಾಂಟು, ಆ ಫಾಂಟು ಇದ್ದುದು ವ್ಯವಸ್ಥೆಯ ಡಿಸ್ಕಿನಲ್ಲಿ. ಫಾರ್ಮ್ಯಾಟ್ ಆದ ಬಳಿಕ ಡಿ ಡ್ರೈವಿನ ಕಡತ ಒಂದು ಅಂಶವೂ ಕೆಡದೆ ಅಲ್ಲಿಯೇ ಇರುತ್ತದೆ, ತೆರೆದರೆ ಅರ್ಥವಿಲ್ಲದ ಅಕ್ಷರರಾಶಿ ಎದುರಾಗುತ್ತದೆ. ವೈದ್ಯರ ಕೈಬರಹದ ಚೀಟಿಯನ್ನು ಉಳಿಸಿಕೊಂಡು ಅದನ್ನು ಓದಬಲ್ಲ ಔಷಧದಂಗಡಿಯವನನ್ನು ಕಳೆದುಕೊಂಡಂತಹ ಸ್ಥಿತಿ ಇದು. ಆದ್ದರಿಂದ ಫಾಂಟುಗಳನ್ನೂ ಅವುಗಳ ಸ್ಥಾಪಕ ಕಡತವನ್ನೂ ಬರಹಗಳ ಪಕ್ಕದಲ್ಲಿಯೇ ಇಡುವುದು ಯುಕ್ತ. ಬಿಡುವಾದಾಗ ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸುವುದು ಇನ್ನೂ ಯುಕ್ತ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಪರಿವರ್ತಕ ಎಡವುವುದುಂಟಾದ್ದರಿಂದ ಮೂಲಪ್ರತಿಯನ್ನು ತ್ಯಜಿಸಲಾಗದು.

ಬ್ರೌಸರಿನ ಬುಕ್‌ಮಾರ್ಕುಗಳು ಸಿ ಡ್ರೈವಿನ ಆಪ್‌ಡೇಟಾ ಫೋಲ್ಡರಿನಲ್ಲಿ ಅಡಗಿರುತ್ತವೆ. ಅದನ್ನು ಕದಲಿಸದೆ, ಕಾಲಕಾಲಕ್ಕೆ ಬ್ರೌಸರಿನಿಂದಲೇ ಎಕ್ಸ್‌ಪೋರ್ಟ್ ಮಾಡಿ ಡಿ ಡ್ರೈವಿಗೆ ತಂದುಕೊಂಡರಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ, ಅದನ್ನು ತಾನಾಗಿ ತೆರೆಯುವ ಕೀಲಿ ವ್ಯವಸ್ಥೆಯ ಡಿಸ್ಕಿನಲ್ಲಿಯೇ ಇರುವುದರಿಂದ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟಿರಬೇಕು. ಪ್ರತ್ಯೇಕ ಡಿಸ್ಕೆಂಬುದು ಬ್ಯಾಕಪ್ ಅಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಕಡತಗಳನ್ನು ಒತ್ತೆಹಿಡಿಯುವ ರಾನ್ಸಮ್‌ವೇರ್ ಸಿ, ಡಿ ಎಂಬ ಭೇದವನ್ನು ಎಣಿಸದು, ಹಾರ್ಡ್ ಡಿಸ್ಕಿಗೂ ಒಂದು ದಿನ ಅಂತ್ಯವುಂಟು. ಯಂತ್ರದಿಂದ ಬಿಡಿಸಿ ಬೇರೆಯಾಗಿಟ್ಟ ಎರಡನೆಯ ಪ್ರತಿ ಬೇಕೇ ಬೇಕು. ಹೊಸದಾಗಿ ವಿಂಡೋಸ್ ಹಾಕುವ ದಿನ ಮಾತ್ರ, ಆರಂಭಿಸುವ ಮುನ್ನ, ಡೇಟಾ ಡಿಸ್ಕಿನ ಕೇಬಲ್ಲನ್ನು ಕಳಚಿಡಿ ಎಂದು ಅಂಗಡಿಯವನಿಗೆ ಹೇಳಿರಿ. ಎರಡು ಡಿಸ್ಕುಗಳನ್ನು ಕಂಡ ಸ್ಥಾಪನಾ ಪ್ರೋಗ್ರಾಮು ಬೂಟ್ ಭಾಗವನ್ನು ಕೆಲವೊಮ್ಮೆ ಬೇಡದ ಡಿಸ್ಕಿನಲ್ಲಿ ಬರೆದುಬಿಡುತ್ತದೆ. ಕೇಬಲ್ಲನ್ನು ಕಳಚಿಟ್ಟರೆ ಅವಸರದಲ್ಲಿ ಫಾರ್ಮ್ಯಾಟ್‌ಗೆ ತಪ್ಪು ಡಿಸ್ಕನ್ನು ಆರಿಸುವ ಸಂಭವವೂ ಉಳಿಯುವುದಿಲ್ಲ.