ಏಳು ದಿನದ ಊರು

ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಕೊಠಾರಿ ಆಯೋಗದ ಶಿಫಾರಸು, ಕೋನಾರ್ಕದ ರಥಚಕ್ರದ ಲಾಂಛನ, ‘ನನಗಲ್ಲ, ನಿನಗೆ’ ಎಂಬ ಧ್ಯೇಯವಾಕ್ಯ ಎಲ್ಲರಿಗೂ ಗೊತ್ತಿರುವಂಥವು. ವಿಶ್ವವಿದ್ಯಾಲಯ ಸಮಾಜಕ್ಕೆ ಏನು ಮಾಡಿತು ಎಂದು ಕೇಳಿದಾಗ ಮೊದಲು ಬಾಯಿಗೆ ಬರುವ ಉತ್ತರ ಇಂದಿಗೂ ಎನ್ನೆಸ್ಸೆಸ್. ಈ ಹೆಸರು ಕೆಲಸಕ್ಕಿಂತ ದೊಡ್ಡದಾಗಿ ಬೆಳೆದಿದೆ.

ಯೋಜನೆಯ ಸ್ವಭಾವ ತಿಳಿಯಬೇಕಾದರೆ ಅದರ ಅಳತೆಗೋಲನ್ನು ನೋಡಬೇಕು. ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಏಳು ದಿನದ ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು, ಆಗ ಪ್ರಮಾಣಪತ್ರ. ಗಂಟೆ ವಿದ್ಯಾರ್ಥಿಯದು, ದಿನ ಕಾಲೇಜಿನದು. ಊರಿನದೆಂಬ ಮಾನ ಈ ಲೆಕ್ಕದಲ್ಲಿ ಒಂದೂ ಇಲ್ಲ. ಚರಂಡಿ ಹರಿಯಿತೇ, ಹರಿಯುತ್ತಲೇ ಇದೆಯೇ ಎಂಬುದು ದಾಖಲೆಯ ಯಾವ ಅಂಕಣದಲ್ಲೂ ಬರುವುದಿಲ್ಲ. ಎಷ್ಟು ಶಿಬಿರಾರ್ಥಿಗಳು ಎಷ್ಟು ಹೊತ್ತು ದುಡಿದರೆಂಬುದು ಬರುತ್ತದೆ.

ಶಿಬಿರದ ದಿನಚರಿ ಈ ಲೆಕ್ಕದಿಂದಲೇ ಹುಟ್ಟಿದ್ದು. ಸರ್ಕಾರಿ ಶಾಲೆಯ ಕೊಠಡಿಯಲ್ಲಿ ವಾಸ, ಬೆಳಗ್ಗೆ ಪ್ರಭಾತಫೇರಿ, ಧ್ವಜವಂದನೆ, ಉಪ್ಪಿಟ್ಟು, ಶ್ರಮದಾನ. ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಶ್ರಮದಾನಕ್ಕೆ ಆಯ್ದುಕೊಳ್ಳುವುದು ದೇವಸ್ಥಾನದ ಅಂಗಳ, ಶಾಲೆಯ ಆವರಣ, ಬಸ್ ನಿಲ್ದಾಣದ ಸುತ್ತಿನ ಪಾರ್ಥೇನಿಯಂ: ಏಳು ದಿನದಲ್ಲಿ ಮುಗಿಯುವ, ಫೋಟೊದಲ್ಲಿ ಕಾಣುವ ಕೆಲಸಗಳು. ಸಸಿ ನೆಡುತ್ತಾರೆ, ಬೇಸಿಗೆಯಲ್ಲಿ ನೀರು ಹಾಕುವವರು ಯಾರೆಂದು ಗೊತ್ತುಮಾಡುವುದಿಲ್ಲ. ಗುದ್ದಲಿ ಹಿಡಿಯಲು ಬಾರದ ಹುಡುಗ ಅರ್ಧ ದಿನ ಅಗೆಯುವುದನ್ನು, ಊರಿನ ಕೂಲಿಯಾಳು ಕಟ್ಟೆಯ ಮೇಲೆ ಕುಳಿತು ನೋಡುತ್ತಾನೆ. ಅವನು ಒಂದು ಗಂಟೆಯಲ್ಲಿ ಮುಗಿಸಬಲ್ಲ ಕೆಲಸ ಅದು. ಸಮಾರೋಪದಲ್ಲಿ ಗ್ರಾಮಸ್ಥರಿಗೆ ಕೃತಜ್ಞತೆ ಹೇಳಲಾಗುತ್ತದೆ, ಎಂಟನೆಯ ದಿನ ಶಾಲೆಯ ಬೀಗ ಹಿಂದಿರುಗುತ್ತದೆ.

ಸಮರ್ಥಕರ ವಾದ ಇಲ್ಲಿ ತಕ್ಷಣ ಎದುರಾಗುತ್ತದೆ: ಶಿಬಿರದ ಫಲ ಚರಂಡಿಯಲ್ಲ, ವ್ಯಕ್ತಿತ್ವ, ಪೇಟೆಯ ಹುಡುಗಿ ಮೊದಲ ಬಾರಿಗೆ ಹಳ್ಳಿಯನ್ನು ಕಂಡಳಲ್ಲ, ಅಷ್ಟು ಸಾಕು. ವಾದ ಸುಳ್ಳಲ್ಲ. ಆದರೆ ಅದನ್ನು ಒಪ್ಪಿದರೆ ಶಿಬಿರದಲ್ಲಿ ಕೊಟ್ಟವರು ಊರಿನವರು, ಪಡೆದವರು ವಿದ್ಯಾರ್ಥಿಗಳು ಎಂದಾಗುತ್ತದೆ, ಧ್ಯೇಯವಾಕ್ಯವೇ ತಲೆಕೆಳಗಾಗುತ್ತದೆ. ಅದು ಶಿಕ್ಷಣ, ಒಳ್ಳೆಯ ಶಿಕ್ಷಣವೂ ಇರಬಹುದು. ಸೇವೆಯೆಂಬ ಹೆಸರು ಅದಕ್ಕೆ ಸಲ್ಲದು. ಇನ್ನೊಂದು ಗುಂಪಿನ ಟೀಕಾಕಾರರು ಇದನ್ನು ಬಿಟ್ಟಿ ದುಡಿಮೆ ಎಂದು ತಳ್ಳಿಹಾಕುತ್ತಾರೆ. ಅವರ ತಪ್ಪು ಇನ್ನೂ ದೊಡ್ಡದು. ಇಬ್ಬರೂ ವಿದ್ಯಾರ್ಥಿಯ ಮೈಬೆವರನ್ನೇ ನೋಡುತ್ತಾರೆ, ಒಬ್ಬರು ಹೊಗಳಲು, ಇನ್ನೊಬ್ಬರು ಮರುಗಲು. ಅವನು ಕಲಿತ ವಿದ್ಯೆ ಊರಿಗೆ ಬಂತೇ ಎಂದು ಇಬ್ಬರೂ ಕೇಳುವುದಿಲ್ಲ.

ಉದಾಹರಣೆಗೆ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ; ಹಲ್ಲಿನ ಕಂದು ಕಲೆಯಲ್ಲೇ ಅದು ಕಾಣುತ್ತದೆ. ಅಂಥ ಊರಿನ ಶಿಬಿರದಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಯ ಕೈಗೆ ಸಿಗುವುದು ಮಣ್ಣಿನ ಪುಟ್ಟಿ, ಪರೀಕ್ಷಾ ಸೀಸೆಯಲ್ಲ. ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು, ಫಲಿತಾಂಶವನ್ನು ಊರಿಗೆ ತಂದು ಹೇಳಿ, ಮುಂದಿನ ವರ್ಷ ಮತ್ತೆ ಅಳೆಯುವುದು ಕಾಲೇಜು ಮಾತ್ರ ಮಾಡಬಲ್ಲ ಕೆಲಸ.

ನ್ಯಾಯವಾಗಿ ಹೇಳುವುದಾದರೆ, ಯೋಜನೆಯ ಕೈಪಿಡಿಯಲ್ಲಿ ಗ್ರಾಮ ಸಮೀಕ್ಷೆಯೂ ಗ್ರಾಮ ದತ್ತು ಸ್ವೀಕಾರವೂ ಇವೆ. ರಕ್ತದಾನ, ನೆರೆ ಪರಿಹಾರದಂಥ ಕೆಲಸಗಳಲ್ಲಿ ಸ್ವಯಂಸೇವಕರ ಪಾಲು ನಿಜವಾದದ್ದು. ಆದರೆ ಪಾಠದ ಹೊರೆಯ ಮೇಲೆ ಹೆಚ್ಚುವರಿಯಾಗಿ ಕಾರ್ಯಕ್ರಮಾಧಿಕಾರಿಯಾದ ಅಧ್ಯಾಪಕನಿಗೆ ಗಂಟೆಗಳನ್ನು ತುಂಬಿಸುವುದೇ ಸುಲಭದ ದಾರಿ.

ವಿದ್ಯೆಯಿಂದಲೇ ಸೇವೆ ನಡೆದದ್ದಕ್ಕೆ ಉದಾಹರಣೆ ದೂರದಲ್ಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಅದಕ್ಕೆ ವರ್ಷಗಟ್ಟಲೆ ಹಿಡಿಯಿತು. ರೈತರ ಬಾಯಲ್ಲಿ ಅವರು ‘ರಾಗಿ ಲಕ್ಷ್ಮಣಯ್ಯ’ರಾದರು. ಆ ಫಾರಂ ಸೇರಿದ್ದ, 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಬೋಧನೆ, ಸಂಶೋಧನೆಗಳ ಸಾಲಿನಲ್ಲೇ ವಿಸ್ತರಣೆಯೂ ಕರ್ತವ್ಯ. ಅಲ್ಲಿ ಅಳತೆ ಎಕರೆಗೆ ಎಷ್ಟು ಚೀಲ ಬಂತೆಂಬುದು, ಅಳೆಯುವವನು ರೈತ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಅಳೆಯುವವರು, ಅಳೆಸಿಕೊಳ್ಳುವವರು ಇಬ್ಬರೂ ಕಾಲೇಜಿನವರೇ.