ಉಸಿರಿನ ಬೆನ್ನು ಹಿಡಿದ ಅಂಗೈ

ಕಪ್ಪತಗುಡ್ಡದ ಸೆರಗಿನ ಡೋಣಿಯಲ್ಲಿ ಉಳ್ಳಾಗಡ್ಡಿ, ಶೇಂಗಾ ಹೊಲದ ಕಳೆ ತೆಗೆಯುತ್ತಲೇ ವಯಸ್ಸಾದ ಬೆನ್ನುಗಳಿವೆ. ಮೇಲ್ಬೆನ್ನು ಗೂನಾದಷ್ಟೂ 12 ಜೊತೆ ಪಕ್ಕೆಲುಬುಗಳಿಗೆ ಅರಳಲು ಜಾಗ ಸಾಲದು. ದಿಬ್ಬ ಹತ್ತಿದರೆ ತೇಕು.

ಫಿಸಿಯೋಥೆರಪಿಯ ಕೈಕಸುಬು ನನಗೆ ಹಿಡಿಸುವುದು ಇಲ್ಲಿಯೇ. ಅಂಗೈ ಬೆನ್ನ ಮೇಲೆ, ಲಕ್ಷ್ಯ ಉಸಿರಿನ ಮೇಲೆ. "ಉಸರು ಬಿಡಬೇ ಯವ್ವಾ" ಎನ್ನುತ್ತಾರೆ ಥೆರಪಿಸ್ಟರು. ಬಿಟ್ಟಾಗ ಮೆಲ್ಲಗೆ ಒತ್ತು, ಎಳೆದುಕೊಂಡಾಗ ಸಡಿಲು. ಎದೆಯ ಮುಂದಿನ ಬಿಗಿದ ಸ್ನಾಯುಗಳನ್ನೂ ಹಿಗ್ಗಿಸುತ್ತಾರೆ, ಭುಜ ಹಿಂದಕ್ಕೆ ಸರಿಯಲೆಂದು. ಲಟಕ್ಕೆಂದು ಸದ್ದು ಬರಿಸುವವರಿಗಿಂತ ಈ ನಿಧಾನದವರೇ ಮೇಲು. ಎಲುಬು ಟೊಳ್ಳಾದ ಮುದುಕಿಯರಿಗೆ ಜೋರು ಒತ್ತಡ ಬೇಡವೇ ಬೇಡ. ಎಲುಬಿನ ಸ್ಥಿತಿಯನ್ನು ಮೊದಲೇ ವಿಚಾರಿಸುವುದೂ ಕಸುಬಿನ ಭಾಗ. ಹಳೆಯ ಗೂನು ಪೂರ್ತಿ ಹೋಗದು. ಪಕ್ಕೆ ಸಡಿಲಾಗಿ ಉಸಿರು ಆಳಕ್ಕಿಳಿಯಬಹುದು, ಮನೆಯಲ್ಲಿ ವ್ಯಾಯಾಮ ಬಿಡದಿದ್ದರೆ.